ಹಡಗಿನ ಮರದಲ್ಲಿ ಗೆದ್ದಲು: ಸೇಂಟ್ ಹೆಲೀನಾ ದ್ವೀಪದ ಒಂದು ಪ್ರಸಂಗ

ಮರದ ಹಡಗುಗಳ ಚರಿತ್ರೆಯನ್ನು ಬರೆದವರು ಬಿರುಗಾಳಿಗೂ ಶತ್ರುಗಳ ಫಿರಂಗಿಗೂ ಕೊಟ್ಟಷ್ಟು ಸ್ಥಳವನ್ನು ಹುಳುಗಳಿಗೆ ಕೊಟ್ಟಿಲ್ಲ. ಕೊಟ್ಟಲ್ಲಿಯೂ ಎರಡು ಬೇರೆ ಜೀವಿಗಳನ್ನು ಒಂದೆಂದು ಎಣಿಸಿರುವುದುಂಟು. ಉಪ್ಪುನೀರಿನಲ್ಲಿ ಮುಳುಗಿರುವ ಹಲಗೆಗಳನ್ನು ಕೊರೆಯುವ ‘ಟೆರಿಡೊ’ ನೋಟಕ್ಕೆ ಹುಳುವಿನಂತಿದ್ದರೂ ಕೀಟವಲ್ಲ. ಅದು ಕಪ್ಪೆಚಿಪ್ಪಿನ ಬಳಗಕ್ಕೆ ಸೇರಿದ ಪ್ರಾಣಿ. ಅದನ್ನು ತಡೆಯುವುದಕ್ಕಾಗಿ ಬ್ರಿಟಿಷ್ ನೌಕಾಪಡೆಯು 18ನೆಯ ಶತಮಾನದ ಉತ್ತರಾರ್ಧದಲ್ಲಿ ಹಡಗುಗಳ ತಳಕ್ಕೆ ತಾಮ್ರದ ತಗಡನ್ನು ಹೊದಿಸತೊಡಗಿತು. ಆದರೆ ಈ ಕಾವಲು ನೀರಿನ ಮಟ್ಟದವರೆಗೆ ಮಾತ್ರ. ಅದರಿಂದ ಮೇಲಿನ ತೊಲೆ ಹಲಗೆಗಳಿಗೆ ನಿಜವಾದ ಕೀಟದ, ಎಂದರೆ ಗೆದ್ದಲಿನ, ಭಯ ಉಳಿದೇ ಇತ್ತು.

ಗೆದ್ದಲು ಹಡಗನ್ನು ಸೇರಲು ಹಲವು ದಾರಿಗಳಿವೆ. ಹಡಗನ್ನು ಕಟ್ಟಿದ ಮರದಲ್ಲಿಯೇ ಅದು ಅಡಗಿರಬಹುದು, ಸರಕಿನೊಡನೆ ಬರಬಹುದು. ಉಷ್ಣದೇಶದ ಬಂದರಿನಲ್ಲಿ ಹಡಗು ತಂಗಿರುವಾಗ ರೆಕ್ಕೆ ಮೂಡಿದ ಗೆದ್ದಲುಗಳು ಹಾರಿಬಂದು, ರೆಕ್ಕೆ ಕಳಚಿ, ಜೋಡಿಯಾಗಿ ಯಾವುದೋ ಬಿರುಕಿನಲ್ಲಿ ನೆಲಸಬಹುದು. ಒಣಮರದ ಗೆದ್ದಲಿಗೆ ನೆಲದ ಸಂಪರ್ಕವೇ ಬೇಕಿಲ್ಲ. ನೆಲದ ಗೆದ್ದಲಿಗೂ ಸದಾ ತೇವವಾಗಿರುವ ತೊಲೆಯೊಂದಿದ್ದರೆ ಸಾಕು. ಎರಡೂ ಬಗೆಯವು ಮೇಲ್ಮೈಯನ್ನು ಕಾಗದದಷ್ಟು ತೆಳುವಾಗಿ ಉಳಿಸಿಕೊಂಡು ಒಳಗಿನದನ್ನು ತಿನ್ನುವುದರಿಂದ ಕೇಡು ಕಣ್ಣಿಗೆ ಬೀಳುವುದಿಲ್ಲ. ಬಡಿದು ನೋಡಿದಾಗ ಪೊಳ್ಳು ಸದ್ದು ಕೇಳಿಸಿದರೆ ಅದೇ ಮೊದಲ ಸೂಚನೆ.

ಇಂಥದೊಂದು ಹಡಗು ತನ್ನೊಡನೆ ಒಂದು ಊರನ್ನೇ ಕೆಡಿಸಿದ ಪ್ರಸಂಗ ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೀನಾ ದ್ವೀಪದಲ್ಲಿ ನಡೆಯಿತು. ನೆಪೋಲಿಯನ್ನನ ಸೆರೆವಾಸದಿಂದ ಪ್ರಸಿದ್ಧವಾದ ಈ ದ್ವೀಪ 1834ರವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತದಲ್ಲಿದ್ದಿತು. 1840ರಲ್ಲಿ ಅಲ್ಲಿ ನೌಕಾ ನ್ಯಾಯಾಲಯವೊಂದು ಸ್ಥಾಪಿತವಾಯಿತು. ಬ್ರಿಟಿಷ್ ಯುದ್ಧನೌಕೆಗಳು ಆಫ್ರಿಕದ ಕರಾವಳಿಯಾಚೆ ಹಿಡಿದ ಗುಲಾಮವ್ಯಾಪಾರದ ಹಡಗುಗಳನ್ನು ವಿಚಾರಣೆಗಾಗಿ ಅಲ್ಲಿಗೆ ತರುತ್ತಿದ್ದರು. ಮುಂದಿನ ಮೂರು ದಶಕಗಳಲ್ಲಿ 25,000ಕ್ಕೂ ಹೆಚ್ಚು ಆಫ್ರಿಕನ್ನರನ್ನು ಆ ದ್ವೀಪದಲ್ಲಿ ಇಳಿಸಲಾಯಿತು. ಅವರಲ್ಲಿ ಸಹಸ್ರಾರು ಮಂದಿ ಬಿಡುಗಡೆಯನ್ನು ಅನುಭವಿಸುವ ಮೊದಲೇ ಅಲ್ಲಿಯೇ ಮಡಿದರು.

ವಶವಾದ ಹಡಗುಗಳ ಗತಿಯೇನು? ಇಡಿಯಾಗಿ ಹರಾಜು ಹಾಕಿದರೆ ವ್ಯಾಪಾರಿಗಳು ಮತ್ತೆ ಕೊಂಡು ಅದೇ ಕೆಲಸಕ್ಕೆ ಹಚ್ಚುತ್ತಿದ್ದರು. ಆದುದರಿಂದ ಅವನ್ನು ಒಡೆದು ಬಿಡಿಬಿಡಿಯಾಗಿ ಮಾರಬೇಕೆಂಬ ನಿಯಮ 1835ರ ಆಂಗ್ಲ-ಸ್ಪ್ಯಾನಿಷ್ ಒಪ್ಪಂದದಲ್ಲಿ ಸೇರಿತು. ಸೇಂಟ್ ಹೆಲೀನಾದಲ್ಲಿಯೂ ಹಡಗುಗಳನ್ನು ಒಡೆಯುವ ಪದ್ಧತಿ ನಡೆಯಿತು. ನಿಯಮವು ನ್ಯಾಯವಾದುದೇ. ಆದರೆ ಮರ ದುರ್ಲಭವಾದ ಆ ದ್ವೀಪದಲ್ಲಿ ಒಡೆದ ಹಡಗಿನ ತೊಲೆಗಳನ್ನು ಯಾರು ತಾನೇ ಬಿಟ್ಟಾರು? ಸುಮಾರು 1840ರಲ್ಲಿ ಬ್ರೆಜಿಲಿನ ಗುಲಾಮ ಹಡಗೊಂದರ ಮರದ ಮೂಲಕ ಗೆದ್ದಲು ರಾಜಧಾನಿಯಾದ ಜೇಮ್ಸ್‌ಟೌನನ್ನು ಹೊಕ್ಕಿತು. ಆ ಕಾಲದ ಕೀಟಶಾಸ್ತ್ರಜ್ಞರು ಅದನ್ನು ದಕ್ಷಿಣ ಅಮೆರಿಕದ ಜಾತಿಯೆಂದು ಗುರುತಿಸಿದುದು ಈ ಹೇಳಿಕೆಗೆ ಬಲವನ್ನು ಕೊಡುತ್ತದೆ.

ಹಲವು ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. ತಿಳಿಯುವ ವೇಳೆಗೆ ಮನೆಗಳ ತೊಲೆ, ನೆಲಹಲಗೆ, ಬಾಗಿಲ ಚೌಕಟ್ಟುಗಳೆಲ್ಲ ಪೊಳ್ಳಾಗಿದ್ದುವು. 1863ರಿಂದ 1870ರವರೆಗೆ ಗವರ್ನರನಾಗಿದ್ದ ಚಾರ್ಲ್ಸ್ ಎಲಿಯಟ್ಟನ ಕಾಲದಲ್ಲಿ ಪಟ್ಟಣದ ಬಹುಭಾಗವನ್ನು ಮತ್ತೆ ಕಟ್ಟಬೇಕಾಯಿತು. (ಹಿಂದೆ ಹಾಂಗ್‌ಕಾಂಗನ್ನು ಬ್ರಿಟನ್ನಿಗೆ ದೊರಕಿಸಿದ ಎಲಿಯಟ್ ಇವನೇ.) ಸಾರ್ವಜನಿಕ ಪುಸ್ತಕಾಲಯದಲ್ಲಿ ರಟ್ಟುಗಳು ಹೇಗಿದ್ದುವೋ ಹಾಗೆಯೇ ನಿಂತಿದ್ದು ಒಳಗಿನ ಹಾಳೆಗಳು ಮಾಯವಾಗಿದ್ದುವು. ಮತಗ್ರಂಥಗಳನ್ನೇ ಗೆದ್ದಲು ಹೆಚ್ಚಾಗಿ ತಿಂದಿತೆಂಬ ಹೇಳಿಕೆಯುಂಟು. ಚರಿತ್ರೆಯ ವಿದ್ಯಾರ್ಥಿಗೆ ಅದರಿಂದ ಸಮಾಧಾನವೇನೂ ಇಲ್ಲ.

ಗುಲಾಮವ್ಯಾಪಾರದ ಪಾಪಕ್ಕೆ ಇದು ದೈವವಿಧಿಸಿದ ದಂಡವೆಂದು ಹೇಳುವುದು ಸುಲಭ. ಆದರೆ ದಂಡ ತೆತ್ತವರು ಆ ವ್ಯಾಪಾರಿಗಳಲ್ಲ. ಅಗ್ಗದ ಮರವನ್ನು ಕೊಂಡ ದ್ವೀಪವಾಸಿಗಳು. ಲಾಭ ಪಡೆದವರು ಸಾಗರದಾಚೆ ಸುಖವಾಗಿಯೇ ಇದ್ದರು. ಹಡಗನ್ನು ಒಡೆಯಿರೆಂದು ವಿಧಿಸಿದವರು ಮರವನ್ನು ಸುಡಿರೆಂದು ವಿಧಿಸಿರಲಿಲ್ಲ. ಇಡಿಯ ಅನರ್ಥ ಈ ಅಲ್ಪ ಅಂತರದಲ್ಲಿ ನುಸುಳಿತು.

ದ್ವೀಪದ ಪ್ರಾಕೃತಿಕ ವಿವರಗಳನ್ನು 1875ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಜಾನ್ ಚಾರ್ಲ್ಸ್ ಮೆಲಿಸ್ ಈ ಕೀಟದ ಹಾವಳಿಯನ್ನೂ ವರ್ಣಿಸಿರುವನು. ಗೆದ್ದಲಿಗೆ ಸುಲಭವಾಗಿ ಸೋಲದ ಮರಗಳಲ್ಲಿ ನಮ್ಮ ತೇಗವೂ ಒಂದು. ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ನಿರ್ಮಿತವಾಗಿ 1817ರಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ, ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ 1819ರ ಜನವರಿಯಲ್ಲಿ ಇದೇ ದ್ವೀಪದಲ್ಲಿ ಕೆಲವು ದಿನ ತಂಗಿತ್ತು. ಅದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ.