ಸಾಣೆಕಲ್ಲಿನಲ್ಲಿ ಮಸೆದ ಕ್ಷೌರದ ಕತ್ತಿಯಿಂದ ರೋಗ ಹರಡುವುದಿಲ್ಲವೇ?

"ಬ್ಲೇಡ್ ಕಂಪನಿಗಳು ಮುಚ್ಚಿಟ್ಟ ಸತ್ಯ" ಎಂಬ ತಲೆಬರಹದ ಫಾರ್ವರ್ಡ್ ಒಂದು ನಮ್ಮ ಮನೆಯವರ ಗ್ರೂಪಿಗೆ ಬಂತು. ಹಾಕಿದವರು ತರೀಕೆರೆಯ ದೊಡ್ಡಪ್ಪ. ಬೆಟ್ಟದ ಕಲ್ಲಿನಲ್ಲಿ ಸಾಣೆ ಹಿಡಿದ ಹಳೇ ಕಾಲದ ಕ್ಷೌರದ ಕತ್ತಿ ಬ್ಲೇಡಿಗಿಂತ ಹರಿತ, ಮಸೆದಾಗಲೆಲ್ಲ ಅದರ ಬಾಯಿ ಹೊಸದಾಗುವುದರಿಂದ ಒಬ್ಬರ ರೋಗ ಇನ್ನೊಬ್ಬರಿಗೆ ತಗಲುವುದಿಲ್ಲ, ನಮ್ಮ ಹಿರಿಯರೇನು ದಡ್ಡರಲ್ಲ. ಇಷ್ಟು ಅದರ ಸಾರಾಂಶ. ಕೊನೆಗೆ ಎಂದಿನಂತೆ "ಹತ್ತು ಜನರಿಗೆ ಕಳಿಸಿ".

ಹಿರಿಯರು ದಡ್ಡರಲ್ಲ ಎನ್ನುವುದು ನಿಜ. ಕಲ್ಲಿನಲ್ಲಿ ಮಸೆದ ಕತ್ತಿ ತುಂಬಾ ಹರಿತ ಎನ್ನುವುದೂ ನಿಜ. ನಡುವಿನ ಮಾತು ಮಾತ್ರ ಸುಳ್ಳು, ಮತ್ತು ಅದೇ ಅಪಾಯದ್ದು.

ಮೊದಲು ನಿಜ ಇರುವ ಭಾಗ ನೋಡೋಣ. ಸಾಣೆ ಹಿಡಿಯುವುದೆಂದರೆ ಉಕ್ಕಿಗಿಂತ ಗಟ್ಟಿಯಾದ ಸಣ್ಣ ಕಣಗಳಿಂದ ಉಕ್ಕನ್ನು ಗೀರಿ ತೆಗೆಯುವುದು. ಹೆಚ್ಚಿನ ನೈಸರ್ಗಿಕ ಸಾಣೆಕಲ್ಲುಗಳಲ್ಲಿ ಈ ಕೆಲಸ ಮಾಡುವುದು ಸ್ಫಟಿಕಶಿಲೆಯ, ಅಂದರೆ ಕ್ವಾರ್ಟ್ಜಿನ ಕಣಗಳು. ಬೆಲ್ಜಿಯಂನ ಹೆಸರಾಂತ ಕೊಟಿಕ್ಯೂಲ್ ಕಲ್ಲಿನಲ್ಲಿ ಗಾರ್ನೆಟ್ ಕಣಗಳು. ಕಣಗಳು ಗಟ್ಟಿ ಇದ್ದರಷ್ಟೇ ಸಾಲದು, ಸಣ್ಣಗೆ, ಒಂದೇ ಸಮನಾಗಿಯೂ ಇರಬೇಕು.

ಹಾಗಾಗಿ 'ಬೆಟ್ಟದ ಕಲ್ಲು' ಎಂದರೆ ಯಾವ ಕಲ್ಲು ಎಂದು ಕೇಳಲೇಬೇಕು. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಕಲ್ಲಿಗೆ ಬರವಿಲ್ಲ. ಬಾಬಾಬುಡನ್ ಬೆಟ್ಟಸಾಲಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋದವರು 1196ರ ಅಮೃತೇಶ್ವರ ದೇವಸ್ಥಾನದ ಕೆತ್ತನೆ ನೋಡಿರುತ್ತೀರಿ. ಅಷ್ಟು ನಾಜೂಕಾಗಿ ಕೆತ್ತಲು ಆಗಿದ್ದು ಅದು ಮೆತ್ತನೆಯ ಬಳಪದ ಕಲ್ಲು ಆಗಿದ್ದರಿಂದ. ಅದರ ಮೇಲೆ ಕತ್ತಿ ಉಜ್ಜಿದರೆ ಸವೆಯುವುದು ಕಲ್ಲೇ. ಮನೆ ಮೆಟ್ಟಿಲಿನ ಗ್ರಾನೈಟಿನಲ್ಲಿ ಗಟ್ಟಿ ಕಣಗಳಿವೆ ನಿಜ, ಆದರೆ ದಪ್ಪ. ಮಚ್ಚಿಗೆ ಪರವಾಗಿಲ್ಲ, ಕೆನ್ನೆಗೆ ಬೇಡ.

ಕ್ಷೌರದ ಕತ್ತಿಯ ರೂಪದಲ್ಲೂ ಒಂದು ಜಾಣತನ ಇದೆ. ಅದರ ಬೆನ್ನು ದಪ್ಪ. ಕಲ್ಲಿನ ಮೇಲೆ ಬೆನ್ನು, ಬಾಯಿ ಎರಡನ್ನೂ ತಾಗಿಸಿ ಚಪ್ಪಟೆಯಾಗಿ ಇಟ್ಟು ಬಾಯಿ ಮುಂದಾಗಿ ತಳ್ಳಿದರೆ ಕೋನ ತಾನೇ ಸರಿಯಾಗಿ ಕೂರುತ್ತದೆ. ಆಮೇಲೆ ಚರ್ಮದ ಪಟ್ಟಿಯ ಮೇಲೆ ದಿಕ್ಕು ಉಲ್ಟಾ, ಬೆನ್ನು ಮುಂದೆ. ಇಷ್ಟು ಸರಿಯಾಗಿ ಮಾಡಿದರೆ ಬಾಯಿಯ ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ ಆಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್.

ಮತ್ತೆ ಮತ್ತೆ ಮಸೆಯುವುದು ಯಾಕೆ? ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆತ್ತಗೆ. ಆದರೂ ಅದು ಬಾಯಿಯನ್ನು ಅಲ್ಲಲ್ಲಿ ಚಕ್ಕೆ ಏಳಿಸುತ್ತದೆ. ಅಮೆರಿಕದ ಎಂಐಟಿ ಸಂಶೋಧಕರು ಇದನ್ನು ಸೂಕ್ಷ್ಮದರ್ಶಕದಡಿ ನೋಡಿ 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಚ್ಚು ಓದಬೇಕಾದ ವಿಷಯ ಅದು, ಇಲ್ಲಿ ಬಿಡೋಣ.

ಈಗ ರೋಗದ ಮಾತು. ಹೆಪಟೈಟಿಸ್ ಬಿ ವೈರಾಣುವಿನ ಗಾತ್ರ ಸುಮಾರು 0.042 ಮೈಕ್ರಾನ್. ಸಾಣೆಕಲ್ಲು ಉಕ್ಕಿನ ಮೇಲೆ ಒಂದು ಮೈಕ್ರಾನ್ ಅಗಲದ ಗೀರು ಬಿಟ್ಟರೆ, ಅದರಲ್ಲಿ 20ಕ್ಕೂ ಹೆಚ್ಚು ವೈರಾಣುಗಳು ಸಾಲಾಗಿ ಪಕ್ಕಪಕ್ಕ ಕೂರಬಹುದು. ಕಣ್ಣಿಗೆ ಕನ್ನಡಿಯಂತೆ ಹೊಳೆಯುವುದು ಅವಕ್ಕೆ ಉಳುಮೆ ಮಾಡಿದ ಹೊಲ. ಅದೂ ಅಲ್ಲದೆ ಕಲ್ಲು ತಾಗುವುದು ಬಾಯಿ ಮತ್ತು ಬೆನ್ನಿಗೆ ಮಾತ್ರ. ನಡುವಿನ ತಗ್ಗು, ಹಿಡಿಯ ಸಂದು ಹಾಗೇ ಉಳಿಯುತ್ತವೆ. ಮಸೆದ ನೀರು ಕಲ್ಲಿನ ಮೇಲೇ ಇರುತ್ತದೆ.

ಫಾರ್ವರ್ಡ್ ಬರೆದವರು ಅಂಗಡಿಯಲ್ಲಿ ಕೂತು ನೋಡಿದಂತಿಲ್ಲ. ಕಲ್ಲಿಗೆ ಹಾಕುವುದು ಹಲವು ಶೇವಿಂಗ್ ಆದ ಮೇಲೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮುನ್ನ ಕತ್ತಿ ಕಾಣುವುದು ಚರ್ಮದ ಪಟ್ಟಿಯನ್ನಷ್ಟೇ, ಅದೂ ಎಲ್ಲರಿಗೂ ಒಂದೇ ಪಟ್ಟಿ.

ಇಲ್ಲಿ ಜನ ಸಾಮಾನ್ಯವಾಗಿ ಹೆದರುವುದು ಎಚ್‌ಐವಿಗೆ. ಅದು ದೇಹದ ಹೊರಗೆ ಬೇಗ ನಿಶ್ಶಕ್ತವಾಗುತ್ತದೆ. ಹೆಪಟೈಟಿಸ್ ಬಿ ಹಾಗಲ್ಲ. ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಸೋಂಕು ತಗಲಿಸಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಹೊತ್ತವರಿಗೆ ಎಷ್ಟೋ ವರ್ಷ ಗೊತ್ತೇ ಆಗದೆ ಒಳಗೊಳಗೇ ಯಕೃತ್ತು ಹಾಳಾಗಬಹುದು. ಇದಕ್ಕೆ ಲಸಿಕೆ ಇದೆ. ಹೆಪಟೈಟಿಸ್ ಸಿ ಗೆ ಅದೂ ಇಲ್ಲ, ಔಷಧಿ ಮಾತ್ರ ಇದೆ.

"ಮತ್ತೆ ಪಟಿಕ ಉಜ್ಜುತ್ತಾರಲ್ಲ?" ಎಂದು ದೊಡ್ಡಪ್ಪ ಕೇಳಿದರು. ಪಟಿಕ, ಅಂದರೆ ಆಲಂ, ಚರ್ಮವನ್ನು ಬಿಗಿಗೊಳಿಸಿ ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ. ವೈರಾಣು ಕೊಲ್ಲುತ್ತದೆ ಎಂದು ಅದನ್ನು ನಂಬುವಂತಿಲ್ಲ. ಹತ್ತು ಜನರ ಗಾಯಕ್ಕೆ ಒಂದೇ ಕಲ್ಲು ಉಜ್ಜಿದರೆ ಅದೇ ಇನ್ನೊಂದು ದಾರಿಯಾಗುತ್ತದೆ.

ಅರ್ಧ ಬ್ಲೇಡ್ ಸಿಕ್ಕಿಸುವ ಈಗಿನ ಕತ್ತಿಯೂ ತಾನಾಗಿ ಸುರಕ್ಷಿತವಲ್ಲ. ಹಿಂದಿನವರ ಬ್ಲೇಡೇ ಉಳಿದಿದ್ದರೆ ಕಥೆ ಅದೇ. ಕಾಗದ ಬಿಚ್ಚಿ ಹೊಸದನ್ನು ಹಾಕುವುದು ನಿಮ್ಮ ಕಣ್ಣೆದುರೇ ಆಗಲಿ. "ಅಣ್ಣ, ಹೊಸ ಬ್ಲೇಡ್ ಹಾಕಿ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸಂಕೋಚವಾದರೆ ಬ್ಲೇಡ್ ನೀವೇ ಒಯ್ಯಿರಿ.

ಈ ಫಾರ್ವರ್ಡಿನಿಂದ ಹೆಚ್ಚು ತೊಂದರೆ ಕ್ಷೌರ ಮಾಡುವವರಿಗೇ. "ಹಳೇ ಕತ್ತಿ ತೆಗೀರಿ, ಅದೇ ಒಳ್ಳೇದಂತೆ" ಎಂದು ಗಿರಾಕಿ ಹಟ ಹಿಡಿಯುತ್ತಾರೆ, ನಾಳೆ ಏನಾದರೂ ಆದರೆ ಬೈಗುಳ ಅವರಿಗೆ. ದಿನವಿಡೀ ಹರಿತವಾದದ್ದನ್ನು ಹಿಡಿಯುವ ಅವರ ಬೆರಳಿಗೂ ಗೀರು ಬೀಳುತ್ತದೆ. ಲಸಿಕೆ ಅವರಿಗೂ ಬೇಕು: ಈಗಿನ ಮಕ್ಕಳಿಗೆ ಹುಟ್ಟಿದಾಗಲೇ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ಹಿಂದಿನ ತಲೆಮಾರಿನ ಹೆಚ್ಚಿನವರಿಗೆ ಆಗಿರುವುದಿಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ ಮೂರು ಡೋಸ್, ಆರು ತಿಂಗಳಲ್ಲಿ ಮುಗಿಯುತ್ತದೆ.

ನಿಮ್ಮ ಸ್ವಂತ ಕತ್ತಿ, ನಿಮ್ಮದೇ ಕೆನ್ನೆ ಎಂದಾದರೆ ಧಾರಾಳವಾಗಿ ಮಸೆದುಕೊಳ್ಳಿ. ಅಜ್ಜನ ಕತ್ತಿಯನ್ನು ದೊಡ್ಡಪ್ಪ ಈಗ ಹಾಗೆಯೇ ಬಳಸುತ್ತಿದ್ದಾರೆ. ಮಗನಿಗೂ ಕೊಡುವುದಿಲ್ಲವಂತೆ.