ಮಹಾಮಾರಿಯ ಚರಿತ್ರೆಯೂ ನಮ್ಮ ಸೀಮೆಯ ಶಿಲೆಗಳೂ

ಚರಿತ್ರೆಯೆಂದರೆ ರಾಜರ ಹೆಸರುಗಳೂ ಯುದ್ಧಗಳ ಇಸವಿಗಳೂ ಮಾತ್ರವೆಂದು ಭಾವಿಸುವವರು ಅನೇಕರುಂಟು. ಆದರೆ ಮಳೆ, ಬೆಳೆ, ವ್ಯಾಪಾರ, ವ್ಯಾಧಿ ಇವುಗಳಿಗೂ ಚರಿತ್ರೆಯಿದೆ. ಇವೆಲ್ಲವನ್ನೂ ಒಂದರೊಡನೊಂದು ಹೊಂದಿಸಿ ನೋಡಿದ ವಿದ್ವಾಂಸರು ಕಂಡುಕೊಂಡುದೇನು, ಅದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯವರು ಕಲಿಯತಕ್ಕದ್ದೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಕ್ರಿ. ಶ. 1346ರಿಂದ 1353ರ ವರೆಗೆ ಯೂರೋಪು, ಪಶ್ಚಿಮ ಏಷ್ಯ, ಉತ್ತರ ಆಫ್ರಿಕಗಳಲ್ಲಿ ಪ್ಲೇಗು ಹಬ್ಬಿ ಕೋಟ್ಯಂತರ ಜನರು ಮಡಿದರು. ಇಂಗ್ಲೆಂಡಿನಲ್ಲಿ ಆಳುಗಳ ಅಭಾವದಿಂದ ಕೂಲಿಯು ಏರಿತು. ಅದನ್ನು ತಡೆಯಲು 1351ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಈ ವ್ಯಾಧಿಯು ಎಲ್ಲಿಂದ ಹೊರಟಿತೆಂಬುದು ಬಹುಕಾಲ ವಿವಾದವಾಗಿತ್ತು. ಮಧ್ಯಯುಗದ ಕ್ಷಾಮ, ವ್ಯಾಧಿ, ಪರಿಸರ, ಆರ್ಥಿಕ ಸ್ಥಿತಿಗಳನ್ನು ಪರಿಶೋಧಿಸುವ ಫಿಲಿಪ್ ಸ್ಲಾವಿನ್ ಎಂಬ ಚರಿತ್ರಕಾರರ ಗಮನವು ಕಿರ್ಗಿಸ್ತಾನದ ಇಸ್ಸಿಕ್ ಕುಲ್ ಸರೋವರದ ಪ್ರಾಂತದಲ್ಲಿ ಹಿಂದೆಯೇ ದೊರೆತಿದ್ದ ಕ್ರೈಸ್ತರ ಸಮಾಧಿಶಿಲೆಗಳ ಕಡೆಗೆ ತಿರುಗಿತು. ಇಸವಿಯುಳ್ಳ 467 ಶಿಲೆಗಳಲ್ಲಿ 118 ಶಿಲೆಗಳು 1338 ಮತ್ತು 1339, ಈ ಎರಡೇ ವರ್ಷಗಳವಾಗಿದ್ದುವು! ಕೆಲವು ಶಿಲೆಗಳಲ್ಲಿ ಮರಣಕ್ಕೆ ಮಹಾಮಾರಿಯೇ ಕಾರಣವೆಂದು ಕೆತ್ತಿತ್ತು. ಬಳಿಕ ವಿಜ್ಞಾನಿಗಳು ಅಲ್ಲಿ ಹೂಳಲ್ಪಟ್ಟಿದ್ದ ಏಳು ಮಂದಿಯ ಹಲ್ಲುಗಳನ್ನು ಪರೀಕ್ಷಿಸಿ, ಮೂವರಲ್ಲಿ ಪ್ಲೇಗಿನ ಸೂಕ್ಷ್ಮಾಣುವಿನ ಗುರುತನ್ನು ಕಂಡರು. ಈ ಸಂಶೋಧನೆಯು 2022ರಲ್ಲಿ ಪ್ರಕಟವಾಯಿತು. ಆ ಸಮಾಧಿಗಳಲ್ಲಿ ದೂರ ಸಮುದ್ರಗಳ ಮುತ್ತು ಹವಳಗಳೂ ದೊರೆತಿದ್ದುದರಿಂದ, ವರ್ತಕರು ನಡೆದ ದಾರಿಯಲ್ಲಿಯೇ ವ್ಯಾಧಿಯೂ ನಡೆದಿರಬೇಕೆಂದು ಊಹಿಸಲು ಅವಕಾಶವಾಯಿತು.

ಹಾಗಾದರೆ ಆ ಮಹಾಮಾರಿಯು ಭಾರತಕ್ಕೂ ಬಂದಿತೇ? ಬಂದಿತೆಂದು ಬರೆದವರುಂಟು. ಮಹಮ್ಮದ್ ಬಿನ್ ತುಘಲಕನ ಸೈನ್ಯವು ಓರಂಗಲ್ಲಿನಲ್ಲಿ ವ್ಯಾಧಿಗೆ ತುತ್ತಾದುದನ್ನೂ, ಇಬ್ನ್ ಬತೂತನು ಮಧುರೆಯಲ್ಲಿ ಕಂಡ ಮಾರಿಯನ್ನೂ ಅವರು ಉದಾಹರಿಸುವರು. ಜಾರ್ಜ್ ಸಸ್‌ಮನ್ ಎಂಬ ಚರಿತ್ರಕಾರರು 2011ರಲ್ಲಿ ಇವನ್ನೆಲ್ಲ ಪರಿಶೀಲಿಸಿ, ಅವು ಪ್ಲೇಗೆನ್ನಲು ತಕ್ಕ ಆಧಾರವಿಲ್ಲವೆಂದು ತೋರಿಸಿದರು. ಸಾವು ಬಹಳವಾದ ಮಾತ್ರಕ್ಕೆ ಅದು ಪ್ಲೇಗಾಗದು.

ನಮ್ಮ ಸೀಮೆಗೆ ಪ್ಲೇಗು ಬಂದುದು ಬಹಳ ಈಚೆಗೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಅದು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಇಲಿಯ ಮೈಮೇಲಿನ ಚಿಗಟವೇ ಇದನ್ನು ಹರಡುವುದೆಂದು ಪಾಲ್ ಲೂಯಿ ಸಿಮಾನ್ ಎಂಬ ವೈದ್ಯರು ಅದೇ ವರ್ಷ ಕರಾಚಿಯಲ್ಲಿ ಕಂಡುಹಿಡಿದರು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಇಲಿ ಬಿದ್ದೊಡನೆ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ಹಿರಿಯರ ಪದ್ಧತಿಯು ವಿವೇಕವುಳ್ಳದ್ದೇ ಆಗಿತ್ತು.

ಇಂಥ ವಿಪತ್ತುಗಳ ಪ್ರಮಾಣವು ಎಣಿಕೆಯಿಂದಲೇ ತಿಳಿಯತಕ್ಕದ್ದು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1876ರಿಂದ 1878ರ ವರೆಗಿನ ಮಹಾಕ್ಷಾಮದ ತರುವಾಯ, 1881ರಲ್ಲಿ, 41,86,188. ಮಧ್ಯಯುಗಕ್ಕೆ ಇಂಥ ಜನಗಣತಿಯಿಲ್ಲ. ಆ ಕಾಲದ ಲೆಕ್ಕದ ಪುಸ್ತಕಗಳೆಂದರೆ ಶಿಲೆಗಳೇ. ಬಿ. ಎಲ್. ರೈಸ್‌ರವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಗಳ ಶಾಸನಗಳೂ, ಹನ್ನೊಂದನೆಯದರಲ್ಲಿ ಜಗಳೂರಿನವೂ ಸೇರಿವೆ. ನ್ಯಾಮತಿಯು ಆಗ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಕೆರೆ ಕಟ್ಟಿಸಿದುದು, ಭೂಮಿಯನ್ನು ದಾನವಿತ್ತುದು, ತುರುಗೋಳಿನಲ್ಲಿ ವೀರರು ಮಡಿದುದು ಮುಂತಾದ ಸಂಗತಿಗಳನ್ನು ಶಾಸನಗಳು ಶಕವರ್ಷದೊಡನೆ ಹೇಳುವುವು. ಒಂದೊಂದನ್ನೇ ಓದಿದರೆ ಒಂದೊಂದು ಕಥೆ. ಎಲ್ಲವನ್ನೂ ಇಸವಿಯ ಕ್ರಮದಲ್ಲಿ ಜೋಡಿಸಿದರೆ, ಯಾವ ಕಾಲದಲ್ಲಿ ಕೆರೆಗಳು ಹೆಚ್ಚಿದುವು, ಯಾವಾಗ ದಾನಗಳು ನಿಂತುವು ಎಂಬ ಪ್ರಶ್ನೆಗಳು ಹುಟ್ಟುವುವು. ಚನ್ನಗಿರಿಯ ಶಾಂತಿಸಾಗರದಂಥ ಪುರಾತನ ಕೆರೆಗಳ ಹೂಳಿನ ಪದರಗಳೂ, ಅವುಗಳಲ್ಲಿ ಉಳಿಯುವ ಹೂವಿನ ಪರಾಗವೂ ಹಿಂದಿನ ಮಳೆಬೆಳೆಗಳಿಗೆ ಸಾಕ್ಷಿಯಾಗಬಲ್ಲುವು.

ಆದಕಾರಣ ಬರಹವುಳ್ಳ ಕಲ್ಲನ್ನು ಹೊಸ್ತಿಲಿಗೂ ಬಟ್ಟೆಯೊಗೆಯುವುದಕ್ಕೂ ಹಾಕಿಬಿಡುವುದು ಸಣ್ಣ ನಷ್ಟವಲ್ಲ. ಆ 118 ಶಿಲೆಗಳಲ್ಲಿ ನೂರು ಒಡೆದುಹೋಗಿದ್ದರೆ, ಆ ಎರಡು ವರ್ಷಗಳ ಸಂಕಟವನ್ನು ಲೋಕವು ಅರಿಯುತ್ತಲೇ ಇರಲಿಲ್ಲ. ನಮ್ಮ ವಿದ್ಯಾರ್ಥಿನಿಯರು ತಮ್ಮ ತಮ್ಮ ಗ್ರಾಮಗಳಲ್ಲಿ ಇಂಥ ಕಲ್ಲುಗಳೆಲ್ಲಿವೆಯೆಂದು ಗುರುತು ಬರೆದಿಟ್ಟು, ಪ್ಲೇಗಿನ ಕಾಲದ ಮಾತುಗಳನ್ನು ಮನೆಯ ಹಿರಿಯರಿಂದ ಕೇಳಿ ಸಂಗ್ರಹಿಸಿದರೆ, ಮುಂದಿನ ಚರಿತ್ರಕಾರರಿಗೆ ಅದಕ್ಕಿಂತ ದೊಡ್ಡ ಉಪಕಾರವಿರದೆಂದು ನಂಬಿದ್ದೇವೆ.