ಊರ ನಕ್ಷೆಯೂ ನೀರ ದಾರಿಯೂ

ಮನೆಯನ್ನು ಕಟ್ಟಿಸುವ ಗೃಹಸ್ಥನು ಮೊದಲು ನೆಲವನ್ನು ನೋಡುತ್ತಾನೆ. ಮಳೆಯ ನೀರು ಎತ್ತ ಹರಿದುಹೋಗುವುದು, ಬಾವಿಯಲ್ಲಿ ನೀರು ಸಿಕ್ಕುವುದೇ, ಗಾಳಿಯು ಯಾವ ದಿಕ್ಕಿನಿಂದ ಬೀಸುವುದು ಎಂದು ವಿಚಾರಿಸಿದ ಬಳಿಕವೇ ಅಡಿಪಾಯಕ್ಕೆ ಗುದ್ದಲಿ ಹಾಕಿಸುತ್ತಾನೆ. ಒಂದು ಮನೆಗೆ ಬೇಕಾದ ಈ ವಿವೇಕವು ಒಂದು ಊರಿಗೂ, ಹಲವು ಊರುಗಳುಳ್ಳ ಒಂದು ಸೀಮೆಗೂ ಬೇಡವೆ? ಇದನ್ನು ವಿಚಾರಿಸುವುದಕ್ಕೆ ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಸೀಮೆಗಿಂತ ತಕ್ಕ ನಿದರ್ಶನವು ನಮಗೆ ತೋರದು.

ನಮ್ಮ ಪೂರ್ವಿಕರು ಇದನ್ನು ಶಾಸ್ತ್ರವೆಂದೇ ಎಣಿಸಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂತರ್ಜಲವನ್ನು ಕಂಡುಕೊಳ್ಳುವುದಕ್ಕೆ ಒಂದು ಅಧ್ಯಾಯವೂ, ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೂ ಉಂಟು. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆಯೊಂದನ್ನು ಕಟ್ಟಿಸಿ, 1369ರಲ್ಲಿ ಸಂಸ್ಕೃತ ಶಾಸನವನ್ನು ಬರೆಯಿಸಿದನು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳೂ, ಇರಬಾರದ ಆರು ದೋಷಗಳೂ ಅದರಲ್ಲಿ ಹೇಳಲ್ಪಟ್ಟಿವೆ. ಕಟ್ಟೆಯಿಂದ ನೀರು ಜಿನುಗುವುದು, ನೆಲವು ಚೌಳಾಗಿರುವುದು ಇವು ದೋಷಗಳೆಂಬುದು ಯಾರಿಗೂ ತಿಳಿಯುವ ಮಾತು. ಆದರೆ ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ಶಾಸನವು ದೋಷವೆಂದೇ ಎಣಿಸಿದೆ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಡತಕ್ಕದ್ದು.

ವಿಜಯನಗರವನ್ನು ಕಟ್ಟಿದವರು ನೆಲದ ಗುಣವನ್ನರಿತೇ ಕಟ್ಟಿದರು. ಬಂಡೆಗುಡ್ಡಗಳ ಸಾಲನ್ನು ಕೋಟೆಗೆ ಸೇರಿಸಿಕೊಂಡರು. ಉತ್ತರಕ್ಕೆ ತುಂಗಭದ್ರೆಯೇ ಕಂದಕವಾಯಿತು. ಹೊಳೆಗೆ ಕಲ್ಲಿನ ಅಡ್ಡಕಟ್ಟೆಗಳನ್ನು ಹಾಕಿ, ಗುಡ್ಡಗಳ ನಡುವಣ ತಗ್ಗಿಗೆ ತುರ್ತಾ ಕಾಲುವೆಯನ್ನು ಹರಿಯಿಸಿದರು. ಗುಡಿಗಳಿದ್ದ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವೆ ಇಂದಿಗೂ ಹಸುರಾದ ತೋಟಗದ್ದೆಗಳಿರುವುದು ಇದರಿಂದಲೇ. 1565ರ ಯುದ್ಧದ ತರುವಾಯ ಪಟ್ಟಣವು ಹಾಳಾಯಿತು. ಅರಮನೆಗಳು ಅಳಿದವು, ಕಾಲುವೆಗಳು ಉಳಿದು ಇಂದಿಗೂ ಅನ್ನವನ್ನು ಕೊಡುತ್ತಿವೆ.

ಈ ನಾಲ್ಕು ಊರುಗಳನ್ನು ಒಂದಾಗಿ ಕಟ್ಟಿರುವುದು ನೀರು. ಸಂಡೂರಿನ ಬೆಟ್ಟಗಳ ಮಳೆಯು ನಾರಿಹಳ್ಳವಾಗಿ ದರೋಜಿಯ ಕೆರೆಯನ್ನು ತುಂಬಿ, ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಆ ಸೀಮೆಯ ಕುರುಚಲು ಕಾಡಿನಲ್ಲಿ 1994ರಿಂದ ಕರಡಿಧಾಮವಿದೆ. ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಡಲಾಯಿತು. ಮೇಲಿನ ಬೆಟ್ಟದಲ್ಲಿ ಮರ ಬಿದ್ದರೆ ಕೆಳಗಿನ ಕೆರೆಯಲ್ಲಿ ಹೂಳು ಏಳುವುದು. ಅಣೆಕಟ್ಟಿನಲ್ಲಿ ನೀರು ಹೆಚ್ಚಾದರೆ ಕಂಪ್ಲಿಯ ಸೇತುವೆಯು ಮುಳುಗುವುದು.

ಈ ಸಂಬಂಧವನ್ನು ಮರೆತುದರ ಫಲವನ್ನೂ ಈ ಸೀಮೆಯು ಉಂಡಿದೆ. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಕಡೆಗೆ ಹೊಳೆಯ ಮೇಲೆ ಕಟ್ಟಹೊರಟ ಸೇತುವೆಯ ದೆಸೆಯಿಂದ 1999ರಲ್ಲಿ ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಬಿದ್ದು, 2006ರಲ್ಲಿ ಅದರಿಂದ ಹೊರಬಂದಿತು. ಆ ಸೇತುವೆಯಾದರೋ ಮುಗಿಯುವ ಮುನ್ನವೇ 2009ರ ಜನವರಿಯಲ್ಲಿ ಕುಸಿದು, ಕಾರ್ಮಿಕರ ಪ್ರಾಣಗಳನ್ನು ತೆಗೆದುಕೊಂಡಿತು. ಬಳಿಕ ಬುಕ್ಕಸಾಗರಕ್ಕೂ ಕಡೇಬಾಗಿಲಿಗೂ ನಡುವೆ ಬೇರೆ ಸೇತುವೆಯಾಯಿತು. ಜನರಿಗೆ ದಾರಿ ಬೇಕೆಂಬುದು ನ್ಯಾಯವೇ. ಅದನ್ನು ಎಲ್ಲಿ ಹಾಕಬೇಕೆಂಬುದೇ ವಿಚಾರ. ಸಂಡೂರಿನ ಕಬ್ಬಿಣದ ಅದಿರೂ ಅಂತೆಯೇ. ಅದು ಅನೇಕರಿಗೆ ಕೂಳನ್ನು ಕೊಟ್ಟಿತು. ಆದರೆ ಮಿತಿಮೀರಿದ ಅಗೆತದಿಂದಾಗಿ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನೇ ನಿಲ್ಲಿಸಬೇಕಾಯಿತು. ಮತ್ತೆ ತೆರೆಯುವಾಗ, ಕೆಡಿಸಿದ ನೆಲವನ್ನು ಸರಿಪಡಿಸಬೇಕೆಂಬ ಕಟ್ಟಳೆಯು ಬಂದಿತು. ಇನ್ನು ತುಂಗಭದ್ರಾ ಜಲಾಶಯವು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುವಂತೆ ಕಟ್ಟಲ್ಪಟ್ಟುದು. ದೂರದ ಮೇಲುಸೀಮೆಗಳಿಂದ ಬಂದ ಹೂಳು ತುಂಬಿ ಈಗ ಸುಮಾರು 106ಕ್ಕೆ ಇಳಿದಿದೆ.

ಈಗ ಶಾಸನದ ಆರು ದೋಷಗಳನ್ನು ಮತ್ತೆ ನೆನೆಯೋಣ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆಯು ಅದರ ಕೇಂದ್ರವಾಯಿತು. ಹಂಪೆಯು ಅದರೊಡನೆ ಹೋಯಿತು. ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಹೊಳೆಯಾಚೆಯ ಆನೆಗೊಂದಿಯು ಕೊಪ್ಪಳಕ್ಕೆ ಸೇರಿದುದು. ಆಡಳಿತದ ಅನುಕೂಲಕ್ಕೆ ಗೆರೆಗಳು ಬೇಕು, ನಿಜ. ಆದರೆ ನೀರು ಗೆರೆಯನ್ನು ನೋಡಿ ಹರಿಯದು. ಒಂದು ಕಛೇರಿಯವರು ಊರಿನ ನಕ್ಷೆಯನ್ನೂ, ಇನ್ನೊಂದರವರು ಗಣಿಯನ್ನೂ, ಮತ್ತೊಂದರವರು ಕಾಲುವೆಯನ್ನೂ ಪ್ರತ್ಯೇಕವಾಗಿ ನೋಡಿದರೆ ಇಡೀ ಸೀಮೆಯನ್ನು ನೋಡುವವರಾರು?

ದಾರಿಯು ಇಲ್ಲದಿಲ್ಲ. ಹಂಪೆಗಾಗಿ 2002ರ ಕಾನೂನಿನಿಂದ ಏರ್ಪಟ್ಟ ಪ್ರಾಧಿಕಾರವು ಹೊಳೆಯ ಎರಡು ದಡಗಳನ್ನೂ, ಸುಮಾರು 236 ಚದರ ಕಿಲೋಮೀಟರು ಪ್ರದೇಶವನ್ನೂ ಒಂದೇ ನಕ್ಷೆಯಲ್ಲಿ ನೋಡತಕ್ಕುದಾಗಿದೆ. ಅದೇ ದೃಷ್ಟಿಯು ಸಂಡೂರಿನ ಬೆಟ್ಟದಿಂದ ಕಂಪ್ಲಿಯ ಗದ್ದೆಯವರೆಗೂ ಹಬ್ಬಬೇಕು. ಮೊದಲು ಹಳ್ಳ, ಕಾಲುವೆ, ಕೆರೆಯಂಗಳ, ಕಾಡುಗಳನ್ನು ನಕ್ಷೆಯಲ್ಲಿ ಗುರುತಿಸಿ, ಉಳಿದ ನೆಲದಲ್ಲಿ ಬಡಾವಣೆ, ರಸ್ತೆ, ಕಾರ್ಖಾನೆಗಳಿಗೆ ಎಡೆಗೊಡುವುದೇ ಕ್ರಮವು. ಹಿಂದುಮುಂದಾದರೆ ಗದ್ದೆಯೂ ಹೋಗುವುದು, ಮಳೆಗಾಲದಲ್ಲಿ ಮನೆಯೊಳಗೆ ನೀರೂ ಬರುವುದು.

ಇದು ಸರಕಾರದವರ ಕೆಲಸವಷ್ಟೇ ಎಂದು ಗೃಹಸ್ಥರು ಸುಮ್ಮನಿರಲಾಗದು. ನಿವೇಶನವನ್ನು ಕೊಳ್ಳುವಾಗ ಪತ್ರಗಳನ್ನು ನೋಡುವಂತೆಯೇ, ಆ ನೆಲದಲ್ಲಿ ಹಿಂದೆ ಏನಿತ್ತು, ಅಲ್ಲಿಯ ನೀರು ಎತ್ತ ಹೋಗುತ್ತಿತ್ತು ಎಂದು ಊರಿನ ಹಿರಿಯ ರೈತರನ್ನು ಕೇಳಿರಿ. ಪಟ್ಟಣದ ಯೋಜನೆಯನ್ನು ಸಾರ್ವಜನಿಕರ ಆಕ್ಷೇಪಣೆಗಾಗಿ ಪ್ರಕಟಿಸಿದಾಗ ಓದಿ, ಕಾಲುವೆಯ ಗುರುತು ಅದರಲ್ಲಿದೆಯೇ ಎಂದು ನೋಡಿರಿ. ಇಲ್ಲವಾದರೆ ಒಂದು ಅರ್ಜಿಯನ್ನು ಬರೆದು ಕೊಡಿರಿ.